ಇಲ್ಲಿ ನೋಡೋದಕ್ಕೆ ಏನೇನಿದೆ?

ಜನವರಿ 14, ಮಂಗಳವಾರ

ನಾವು ಬಾಡಿಗೆಗೆ ಕೊಡುವ ಕೋಣೆಗಳಿಗೆ ನವೆಂಬರ್ ಕಳೆದ ಮೇಲೆ ಬಂದ ಮೊದಲ ಅತಿಥಿಗಳು ಇವರೇ. ಕಾಲಿ ಎಂಬ ದೂರದ ನಗರದ ಅಪ್ಪ, ಮಗಳು. ಹಾಸಿಗೆ ಬೆಚ್ಚಗಿದೆ ಎಂದರು, ಆಲೂಗಡ್ಡೆ ಸಾರನ್ನು ಎರಡು ಸಲ ಬಡಿಸಿಕೊಂಡರು. ಬೆಳಿಗ್ಗೆ ಬಿಸಿ ಬೆಲ್ಲದ ನೀರು ಕುಡಿಯುತ್ತ ಮಗಳು ಕೇಳಿದಳು, "ಅಮ್ಮಾ, ಇಲ್ಲಿ ನೋಡೋದಕ್ಕೆ ಏನೇನಿದೆ?"

"ಚರ್ಚಿದೆ" ಎಂದೆ.

"ಆಮೇಲೆ?"

ಕಿಟಕಿಯಾಚೆ ಇಣುಕಿದೆ. "ಹಸುಗಳಿವೆ" ಎಂದೆ.

ನಗು ತಡೆಯಲಾಗದೆ ಅಪ್ಪ ಸುಳ್ಳು ಕೆಮ್ಮು ಕೆಮ್ಮಿದ. ನನಗೆ ಕೆನ್ನೆ ಸುಟ್ಟಂತಾಯಿತು.

ಈ ಪ್ರಶ್ನೆಗೆ ಉತ್ತರ ಹೇಳುವುದು ಬೆಲಾರ್ಮಿನೋ ಅವರ ಕೆಲಸವಾಗಿತ್ತು. ಮದುವೆಯಾದಾಗಿನಿಂದ ನಮ್ಮ ಮನೆಯ ಲೆಕ್ಕ ಹಾಗೆ: ಹೊಸ್ತಿಲಿನ ಆಚೆಯದೆಲ್ಲ ನನ್ನ ಗಂಡನದು, ಈಚೆಯದೆಲ್ಲ ನನ್ನದು. ಅವರು ಅತಿಥಿಗಳನ್ನು ಬೆಟ್ಟಕ್ಕೆ, ಕೊಳಕ್ಕೆ, ನೇಕಾರರ ಮನೆಗೆ ಕರೆದೊಯ್ಯುವರು. ಹಸಿದು ಬಂದವರಿಗೆ ನಾನು ಬಡಿಸುವೆನು. ನವೆಂಬರಿನಲ್ಲಿ ಹೊಲದಲ್ಲಿ ಕುಸಿದು ಬಿದ್ದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು ವೈದ್ಯರು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಪದ: "ಮೇಲೆ." ನೀರು ಬೇಕಾದರೂ ಮೇಲೆ, ಕಾಲು ಸೆಳೆದರೂ ಮೇಲೆ. ಪಾದ್ರಿಗಳು ಮನೆಗೆ ಬಂದು ಪ್ರಸಾದ ಕೊಟ್ಟಾಗಲೂ ಇವರು "ಮೇಲೆ" ಎಂದರು. ಪಾದ್ರಿಗಳು ಅದನ್ನು ಸ್ವರ್ಗ ಎಂದುಕೊಂಡು ಕಣ್ಣೊರೆಸಿಕೊಂಡು ಹೋದರು. ಪಾಪ, ನಮ್ಮವರು ಕೇಳಿದ್ದು ಬಹುಶಃ ಕಂಬಳಿ.

ಅತಿಥಿಗಳಿದ್ದಾಗ ಅವರು ಹಿಂದಿನ ಕೋಣೆಯಲ್ಲೇ ಇರುತ್ತಾರೆ. ತಟ್ಟೆಯನ್ನು ನಾನೇ ಅಲ್ಲಿಗೆ ಒಯ್ಯುತ್ತೇನೆ. ಅವರಿಗೂ ಅದೇ ಇಷ್ಟ ಎಂದುಕೊಂಡಿದ್ದೇನೆ. ಕೇಳಿಲ್ಲ. ಕೇಳಿದರೂ ಏನು ಹೇಳುತ್ತಾರೆ ಗೊತ್ತಲ್ಲ.

ಮನೆಯಲ್ಲಿ ಮಾತಿಗೆ ಮಾತು ಸಿಗುವುದಿಲ್ಲ, ಅದಕ್ಕೇ ಬರೆಯಲು ಶುರುಮಾಡಿದ್ದೇನೆ. ಓದುವವರು ಯಾರೂ ಇಲ್ಲದ್ದರಿಂದ ಕಾಗುಣಿತದ ಭಯವಿಲ್ಲ.

ಜನವರಿ 19, ಭಾನುವಾರ

ಚರ್ಚಿನ ಪೂಜೆ ಮುಗಿಸಿಕೊಂಡು ಅನಾತೋಲಿಯಾ ಬಂದಳು. ನನ್ನ ಗಂಡನ ಅಕ್ಕ, ವಿಧವೆ, ಪಕ್ಕದ ದಿಣ್ಣೆಯ ಮೇಲೆ ಎರಡು ಹಸು ಕಟ್ಟಿಕೊಂಡು ಒಬ್ಬಳೇ ಇರುವವಳು. ಅವಳ ನಾಲಿಗೆ ಹಾಲಿಗೆ ಹಾಕಿದರೆ ಹೆಪ್ಪು ಬೇಡ.

ಬಂದವಳೇ ತಮ್ಮನ ಮುಂದೆ ನಿಂತು ಆಚೆ ಬೆಟ್ಟಕ್ಕೆ ಕೇಳುವ ಹಾಗೆ ಕೂಗಿದಳು. "ಬೆಲಾರ್ಮಿನೋ, ಹಾ-ಲು. ಹಾಲು ತಂದಿದ್ದೀನಿ. ಹಾ-ಲು."

"ಕಿವಿ ಚೆನ್ನಾಗಿದೆ ಅತ್ತಿಗೆ. ಹೋಗಿರೋದು ಮಾತು" ಎಂದೆ.

"ನಿನಗೇನು ಗೊತ್ತು ಎದೆಲ್ಮಿರಾ, ಸುಮ್ನಿರು. ಮೊದಲು ರಸ್ತೆಯಲ್ಲಿರೋ, ಕೋಣೆ ಸಿಗುತ್ತೆ ಅನ್ನೋ ಆ ಹಲಗೆ ಇಳಿಸು. ಕಾಯಿಲೆ ಬಿದ್ದವನನ್ನ ಮೂಲೆಗೆ ತಳ್ಳಿ ಊರೂರಿನವರಿಗೆಲ್ಲ ಹಾಸಿಗೆ ಹಾಸ್ತಾಳಂತೆ."

"ಮೂಲೆಗೆ ಯಾರೂ ತಳ್ಳಿಲ್ಲ."

"ಹಾಗಾದ್ರೆ ಅವನು ಎಲ್ಲಿದ್ದಾನೆ ಈಗ?"

ಅವರು ಮೂಲೆಯಲ್ಲೇ ಇದ್ದರು. ಕಿಟಕಿಯ ಹತ್ತಿರ ಬಿಸಿಲು ಬರುವುದು ಆ ಮೂಲೆಗೇ. ಅದನ್ನು ಹೇಳಲು ಹೋಗಲಿಲ್ಲ.

ಫೆಬ್ರವರಿ 1, ಶನಿವಾರ

ಅತಿಥಿಗಳನ್ನು ಮಲಗಿಸಿ ಬಂದು ಬರೆಯುತ್ತಿದ್ದೇನೆ.

ಬುಕರಮಾಂಗಾದ ಗಂಡ ಹೆಂಡತಿ ನಿನ್ನೆ ಬಂದಿದ್ದರು. ಚಿಕ್ಕ ವಯಸ್ಸಿನವರು, ತೆಳ್ಳನೆಯ ಬೂಟು, ತೆಳ್ಳನೆಯ ಅಂಗಿ. ಇವತ್ತು ಬೆಳಿಗ್ಗೆ ಜಲಪಾತ ನೋಡಬೇಕೆಂದರು. ನನ್ನ ಕೈ ಹಿಟ್ಟಿನಲ್ಲಿತ್ತು. "ತಾಳಿ, ಬಂದು ಹೇಳ್ತೀನಿ" ಎಂದು ಒಳಗೆ ಹೋದೆ. ನಿಜಕ್ಕೂ ನಾನು ಒಳಗೆ ಹೋದದ್ದು ನನಗೂ ದಾರಿ ಗೊತ್ತಿಲ್ಲದ್ದರಿಂದ, ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯ ಪೋಲಿಕಾರ್ಪೋನನ್ನು ಕೂಗಿ ಕೇಳೋಣವೆಂದು. ಅಷ್ಟರಲ್ಲಿ ಆ ಹುಡುಗ ಹಿತ್ತಿಲ ಜಗಲಿಯಲ್ಲಿ ಕೂತಿದ್ದ ಬೆಲಾರ್ಮಿನೋ ಅವರನ್ನು ಕೇಳಿದನಂತೆ. ಅವರು ಎಡಗೈ ಎತ್ತಿ ಬೆಟ್ಟ ತೋರಿಸಿ "ಮೇಲೆ" ಎಂದರಂತೆ. ಇವರಿಬ್ಬರೂ ಸಂತೋಷವಾಗಿ ಹೊರಟೇಬಿಟ್ಟರು.

ಜಲಪಾತವಿರುವುದು ಕೆಳಗೆ, ಹೊಳೆಯ ತಿರುವಿನಲ್ಲಿ, ಅಷ್ಟು ನನಗೂ ಗೊತ್ತು. ಮೇಲೆ ಇರುವುದು ಪಾರಮೋ. ಮರ ಬೆಳೆಯದ ಬಯಲು, ಕೊರೆಯುವ ಗಾಳಿ, ಬಾಯಿ ತೆರೆದ ಜೌಗು.

ಮಧ್ಯಾಹ್ನ ಮಂಜು ಇಳಿಯಿತು. ನೀಲಗಿರಿ ಮರಗಳು ಒಂದೊಂದಾಗಿ ಅಳಿಸಿಹೋದವು, ಆಮೇಲೆ ಅಂಗಳದ ಬೇಲಿಯೂ. ಊಟಕ್ಕೆ ಅವರು ಬರಲಿಲ್ಲ. ನಾನು ಬೇಲಿಯವರೆಗೆ ಹೋಗಿ ಬರುವುದು, ಹೋಗಿ ಬರುವುದು. ಪೋಲಿಕಾರ್ಪೋ ಕುದುರೆ ಹತ್ತಿ ಮೇಲೆ ಹೋದ. ಬೆಳಕಿರುವಾಗಲೇ ಕರೆತಂದ, ದೇವಮಾತೆಗೆ ಶರಣು. ಒಂದು ಬಂಡೆಯ ಮರೆಯಲ್ಲಿ ಒಬ್ಬರನ್ನೊಬ್ಬರು ಅಪ್ಪಿ ಕೂತಿದ್ದರಂತೆ. ಆ ಹುಡುಗಿಯ ತುಟಿ ನೀಲಿಯಾಗಿತ್ತು. ನನ್ನ ಉಣ್ಣೆಯ ರುವಾನಾ ಹೊದಿಸಿ, ಒಲೆಯ ಹತ್ತಿರ ಕೂರಿಸಿ, ಚಮಚದಲ್ಲಿ ಸಾರು ಕುಡಿಸಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಯಜಮಾನ್ರು ಅಷ್ಟು ಖಂಡಿತವಾಗಿ ಹೇಳಿದ್ರಲ್ಲ ಅಮ್ಮಾ, ಅದಕ್ಕೇ ಹೋದ್ವಿ" ಎಂದಳಷ್ಟೆ.

ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಅವರಿಗೆ ಕೇಳಿಸಿತು.

ಫೆಬ್ರವರಿ 3, ಸೋಮವಾರ

ಬೆಲಾರ್ಮಿನೋ ಊಟ ಮುಟ್ಟುತ್ತಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಇವತ್ತು ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ.

ಫೆಬ್ರವರಿ 5, ಬುಧವಾರ

ಹಲಗೆ ಇಳಿಸಿದೆ. ಕೊಟ್ಟಿಗೆಯಲ್ಲಿಟ್ಟೆ.

ಫೆಬ್ರವರಿ 15, ಶನಿವಾರ

ಹಲಗೆಯಿಲ್ಲದಿದ್ದರೂ ಒಬ್ಬರು ಬಂದುಬಿಟ್ಟರು. ಬೊಗೊಟಾದ ನೊಯೆಮಿ, ನನಗಿಂತ ಸ್ವಲ್ಪ ದೊಡ್ಡವರಿರಬಹುದು. ಹಿಂದೊಮ್ಮೆ ನಮ್ಮಲ್ಲಿ ಉಳಿದಿದ್ದರಂತೆ, ನನಗೆ ನೆನಪಿಲ್ಲ. ಬಸ್ಸು ಇಳಿಸಿ ಹೋಗಿತ್ತು, ಚೀಲ ಕೈಯಲ್ಲಿತ್ತು, ಮಳೆ ಹನಿಯುತ್ತಿತ್ತು. ಹೋಗಿ ಎನ್ನಲು ಬಾಯಿ ಬರಲಿಲ್ಲ.

"ಎಲ್ಲಿಗೂ ಕಳಿಸೋಕೆ ಆಗಲ್ಲ. ತೋರಿಸ್ತಿದ್ದವರಿಗೆ ಹುಷಾರಿಲ್ಲ. ಊಟ, ಹಾಸಿಗೆ ಅಷ್ಟೇ" ಎಂದು ಮೊದಲೇ ಹೇಳಿದೆ.

"ಸಾಕು" ಎಂದರು. ಚೀಲ ಕೆಳಗಿಟ್ಟು, "ಹೋಗೋದು ಬೇಡ, ಸುಮ್ನೆ ಕೇಳ್ತೀನಿ. ಈ ಸುತ್ತಿನಲ್ಲಿ ನಿಮಗೆ ಇಷ್ಟವಾದ ಜಾಗ ಯಾವುದು?"

"ಅತಿಥಿಗಳಿಗೆ ಕೊಳ ಇಷ್ಟ ಆಗುತ್ತೆ ಅಂತ ಇವರು ಹೇಳ್ತಿದ್ರು."

"ಅತಿಥಿಗಳಿಗಲ್ಲ. ನಿಮಗೆ."

ನನ್ನನ್ನು ಇದುವರೆಗೆ ಯಾರೂ ಈ ಮಾತು ಕೇಳಿಲ್ಲ. ಕೊನೆಗೆ "ಒಲೆ ಮುಂದೆ" ಎಂದೆ. ನಗುತ್ತಾರೆ ಎಂದುಕೊಂಡೆ. "ಹಾಗಾದ್ರೆ ನಾಳೆ ಅಲ್ಲೇ ಕೂತ್ಕೋತೀನಿ" ಎಂದರು.

ಫೆಬ್ರವರಿ 16, ಭಾನುವಾರ

ನೊಯೆಮಿ ಹೇಳಿದಂತೆ ಬೆಳಿಗ್ಗೆ ಬಂದೇಬಿಟ್ಟರು. ಆ ಹೊತ್ತಿನಲ್ಲಿ ಬೆಲಾರ್ಮಿನೋ ಮೈ ಕಾಯಿಸಿಕೊಳ್ಳಲು ಒಲೆಯ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾರೆ. ಅತಿಥಿಗಳು ಏಳುವ ಮೊದಲೇ ನಾನು ಒಳಗೆ ಕರೆದೊಯ್ಯುವುದು ರೂಢಿ. ಇವತ್ತು ಎಬ್ಬಿಸಲು ಸಮಯ ಸಿಗಲಿಲ್ಲ. ಬೆಲಾರ್ಮಿನೋ ಅವರ ಮುಖ ಗಟ್ಟಿಯಾಯಿತು.

"ನಮಸ್ಕಾರ ದೋನ್ ಬೆಲಾರ್ಮಿನೋ" ಎಂದರು ನೊಯೆಮಿ.

"ಮೇಲೆ" ಎಂದರು ಇವರು. ಹೇಳಿ ಕಣ್ಣು ಮುಚ್ಚಿಕೊಂಡರು.

ನೊಯೆಮಿ ತಲೆಯೆತ್ತಿ ನೋಡಿದರು. ತೊಲೆಗೆ ಕಟ್ಟಿದ್ದ ಮೆಕ್ಕೆಜೋಳದ ತೆನೆಗಳ ಮೇಲೆ ಮಸಿ ದಪ್ಪಗೆ ಕೂತಿತ್ತು. "ಹೌದಲ್ಲ" ಎಂದು ಗಂಭೀರವಾಗಿ ಹೇಳಿದರು. "ಗುಡಿಸಿ ಎಷ್ಟು ವರ್ಷ ಆಯ್ತು ಅಂತ ನಿಮ್ಮ ಹೆಂಡತೀನ ಕೇಳೋದು ಸಭ್ಯತೆ ಅಲ್ಲ."

ಬೆಲಾರ್ಮಿನೋ ನಕ್ಕರು. ಹೊಟ್ಟೆಯಿಂದ ಬಂದ ನಗು, ಹಳೆಯ ನಗು, ಒಂಚೂರೂ ಬದಲಾಗಿಲ್ಲ. ನಾನು ಬೆನ್ನು ತಿರುಗಿಸಿ ಪಾತ್ರೆ ತಿಕ್ಕಿದೆ, ತಿಕ್ಕಿದ ಪಾತ್ರೆಯನ್ನೇ ತಿಕ್ಕಿದೆ.

ಫೆಬ್ರವರಿ 17, ಸೋಮವಾರ

ನೊಯೆಮಿ ಹೋದರು. ಬಸ್ಸಿಗೆ ಕಾಯುವಾಗ ಹೇಳಿದರು: "ಹಿಂದೆ ಬಂದಾಗ ನಿಮ್ಮವರು ನನ್ನನ್ನ ಕರಿಕೊಳಕ್ಕೆ ಕರ್ಕೊಂಡು ಹೋಗಿದ್ರು. ದಾರಿ ಉದ್ದಕ್ಕೂ ಒಂದೇ ಮಾತು. ಬೇಗ ಹೋಗಿ ಬರೋಣ, ಕೊಳ ಎಲ್ಲೂ ಹೋಗಲ್ಲ, ಎದೆಲ್ಮಿರಾ ಮಾಡಿದ ಸಾರು ಆರಿಹೋಗುತ್ತೆ. ಈ ಸೀಮೇಲಿ ನೋಡಲೇಬೇಕಾದ್ದು ಆ ಸಾರನ್ನೇ ಅಂತ."

ನನಗೆ ಒಂದು ದಿನವೂ ಹೇಳಿಲ್ಲ, ಆ ಮನುಷ್ಯ. ಮಾತಿದ್ದಾಗ ಅದನ್ನೆಲ್ಲ ಬೆಟ್ಟದ ದಾರಿಯಲ್ಲಿ ಖರ್ಚು ಮಾಡಿ ಬಂದಿದ್ದಾರೆ. ಸಿಟ್ಟು ಬಂತು. ಸಂಜೆ ಸಾರು ಬಡಿಸುವಾಗಲೂ ಸಿಟ್ಟಿತ್ತು. ಆದರೂ ಬೆಣ್ಣೆ ಜಾಸ್ತಿ ಹಾಕಿದ್ದೆ.

ಆ ಕೊಳವನ್ನು ನಾನು ನೋಡೇ ಇಲ್ಲ. ಕಿಟಕಿಯಿಂದ ಕಾಣುವ ಬೆಟ್ಟದ ಬೆನ್ನಿನ ಹಿಂದೆಯೇ ಇದೆಯಂತೆ.

ಫೆಬ್ರವರಿ 25, ಮಂಗಳವಾರ

ನಡೆದು ನಡೆದು ಕಾಲು ಸೋತುಹೋಗಿದೆ, ಆದರೂ ಇದನ್ನು ಬರೆದೇ ಮಲಗುತ್ತೇನೆ.

ಒಬ್ಬಳೇ ಹೋಗಲು ಧೈರ್ಯವಿಲ್ಲದೆ ಅನಾತೋಲಿಯಾಳನ್ನು ಕರೆದೆ. "ಹುಚ್ಚು ಹಿಡಿದಿದೆಯಾ? ಈ ವಯಸ್ಸಲ್ಲಿ ಬೆಟ್ಟ ಹತ್ತಿ ಯಾರಿಗೆ ತೋರಿಸಬೇಕು?" ಎಂದು ಬೈದಳು. ಬೈಯುತ್ತಲೇ ರಬ್ಬರ್ ಬೂಟು ಹಾಕಿಕೊಂಡು ನನಗಿಂತ ಮುಂದೆ ಹೊರಟಳು.

ಆಲೂಗಡ್ಡೆ ಹೊಲ ದಾಟಿ, ಕುರಿ ಮೇಯುವ ಇಳಿಜಾರು ದಾಟಿ, ಕೊನೆಯ ಬೇಲಿಯೂ ಮುಗಿದ ಮೇಲೆ ಮೌನ ಶುರುವಾಯಿತು. ಅಲ್ಲಿ ಫ್ರೈಲೆಹೋನ್ ಗಿಡಗಳು ಜಾತ್ರೆಗೆ ಬಂದ ಸನ್ಯಾಸಿಗಳ ಹಾಗೆ ಗುಂಪುಗುಂಪಾಗಿ ನಿಂತಿವೆ, ಎದೆಯೆತ್ತರ, ಮನುಷ್ಯರೆತ್ತರ. ಎಲೆ ಮುಟ್ಟಿದರೆ ಕರುವಿನ ಕಿವಿ. ದೂರದಿಂದ ನೋಡಿ ಬೂದಿ ಬಣ್ಣ ಎಂದುಕೊಂಡಿದ್ದೆ. ಹತ್ತಿರ ಹೋದರೆ ಒಂದೊಂದು ಎಲೆಯ ತುದಿಯಲ್ಲೂ ನೀರ ಹನಿ, ಹನಿಯೊಳಗೆ ಬಿಸಿಲು.

ಒಂದು ಕಡೆ ನನ್ನ ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತಿತು. ಅನಾತೋಲಿಯಾ ಎಳೆದಳು. ಕಾಲು ಬಂತು, ಬೂಟು ಬರಲಿಲ್ಲ. "ಎಳೆಯೋವಾಗ ಹಸು ಅಂದ್ಕೊಂಡೆ, ಅಷ್ಟು ಭಾರ ಇದ್ದೀಯ" ಎಂದಳು. ಇಬ್ಬರೂ ಹುಲ್ಲಿನ ಮೇಲೆ ಬಿದ್ದು ಉಸಿರು ಕಟ್ಟುವಷ್ಟು ನಕ್ಕೆವು.

ಕೊಳ ಒಮ್ಮೆಗೇ ಕಾಣಿಸಿತು. ಬಟ್ಟಲ ತಳದಲ್ಲಿ ಉಳಿದ ಕಾಫಿಯ ಹಾಗೆ, ಕಪ್ಪು, ಅಲುಗದೆ. ಪಕ್ಕಕ್ಕೆ ನೋಡಿದರೆ ಅನಾತೋಲಿಯಾ ಅಳುತ್ತಿದ್ದಳು. ಅವಳು ಅಳುವುದನ್ನು ಅವಳ ಗಂಡ ಸತ್ತಾಗಲೂ ನಾನು ನೋಡಿಲ್ಲ.

"ಹುಡುಗಿಯಾಗಿದ್ದಾಗ ಬಂದಿದ್ದೆ. ತಮ್ಮ ನನ್ನ ಬೆನ್ನ ಮೇಲಿದ್ದ" ಎಂದಳು. "ನಾಲ್ಕು ವರ್ಷ ತುಂಬ್ತಾ ಬಂದಿದ್ರೂ ಅವನಿಗೆ ಮಾತು ಬಂದಿರ್ಲಿಲ್ಲ. ಇದು ಮೂಗ ಕೂಸು ಅಂದುಬಿಟ್ಟಿದ್ರು ಎಲ್ಲ. ಅಮ್ಮ ಸಹ. ನಾನೇ ಬಿಡಲಿಲ್ಲ. ಹಸು ಹತ್ರ ಕರ್ಕೊಂಡು ಹೋಗಿ ಹ-ಸು, ಹಾಲು ಹತ್ರ ಹಾ-ಲು. ಜೋರಾಗಿ ಹೇಳಿದ್ರೆ ಒಳಗೆ ಇಳಿಯುತ್ತೆ ಅಂದ್ಕೊಂಡಿದ್ದೆ. ನೀರು ಅನ್ನೋ ಮಾತು ಮೊದಲು ಹೇಳಿದ್ದು ಇಲ್ಲೇ, ಇದನ್ನ ನೋಡಿ."

ಗಾಳಿಗೆ ಅವಳ ಶಾಲು ಹಾರುತ್ತಿತ್ತು. ಸರಿಮಾಡಿಕೊಂಡು, "ಒಂದ್ಸಲ ಕಲಿಸಿದ್ದೀನಿ, ಇನ್ನೊಂದ್ಸಲ ಕಲಿಸೋಕಾಗಲ್ವಾ ಅಂತ ಬಂದು ಬಂದು ಕೂಗ್ತೀನಿ ಕಣೆ. ನನಗೆ ಅದು ಬಿಟ್ರೆ ಬೇರೆ ದಾರಿ ಗೊತ್ತಿಲ್ಲ" ಎಂದಳು.

ಅವಳ ಕೈ ಹಿಡಿದುಕೊಂಡು ಕೂತೆ. ಇಷ್ಟು ವರ್ಷ ಅವಳನ್ನು ಕಂಡರೆ ಆಗದಿದ್ದುದಕ್ಕೆ ಕಾರಣ ಏನೆಂದು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ.

ಮನೆಗೆ ಬಂದು ಬೆಲಾರ್ಮಿನೋ ಅವರಿಗೆ ಎಲ್ಲ ಹೇಳಿದೆ. ಕೆಸರು, ಬೂಟು, ಗಿಡ, ಕೊಳ. ಹೇಳುತ್ತ ಹೋದಂತೆ ಅವರು ಮುಂದೆ ಬಾಗಿದರು. ಎರಡು ಬೇಲಿ ಸೇರುವಲ್ಲಿ ಎಡಕ್ಕೆ ಹೋದೆವು ಎಂದಾಗ ತಲೆ ಅಲ್ಲಾಡಿಸಿ, ಮೇಜಿನ ಮೇಲಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಗೆರೆ ಎಳೆದರು. ಬಲಕ್ಕೆ ಹೋಗಬೇಕಿತ್ತಂತೆ, ಅಲ್ಲಿ ಕೆಸರಿಲ್ಲವಂತೆ. "ಮೊದಲೇ ಹೇಳೋಕೇನಾಗಿತ್ತು" ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವರೇ ನಗುತ್ತಿದ್ದರು.

ಬುಟ್ಟಿಯಲ್ಲಿದ್ದ ಹುರುಳಿಕಾಯಿಯೆಲ್ಲ ಸುಲಿದಾಗಿತ್ತು. ಬೆಳಿಗ್ಗೆ ನಾನೇ ಸುಲಿದಿಟ್ಟು ಮರೆತಿದ್ದೆನೋ ಏನೋ. ವಯಸ್ಸಾಯಿತು.

ಮಾರ್ಚ್ 9, ಭಾನುವಾರ

ಈ ವಾರ ಜಲಪಾತಕ್ಕೆ ಹೋಗಿದ್ದೆ. ಬೇಸಿಗೆಯ ನೀರು ಸಣ್ಣದು, ಆದರೆ ಹಿಂದಿನ ಬಂಡೆಯಲ್ಲಿ ಗೂಡುಗಳಿವೆ, ಸದ್ದು ಮಾಡದೆ ಕೂತರೆ ಹಕ್ಕಿಗಳು ಹೊರಗೆ ಬರುತ್ತವೆ. ಕಂಬಳಿ ನೇಯುವ ಹೆರ್ಮೆನ್ಸಿಯಾಳ ಮನೆಗೆ ಬೆಳಿಗ್ಗೆ ಹೋಗಬಾರದು, ಮಧ್ಯಾಹ್ನದ ಊಟ ಆದ ಮೇಲೆ ಅವಳ ಮಾತು ಸಿಹಿ. ಮೀನು ಸಾಕುವವನ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ.

ಬೆಲಾರ್ಮಿನೋ ಹಿಟ್ಟಿನಲ್ಲಿ ಗೆರೆ ಎಳೆದು ಕಳಿಸುತ್ತಾರೆ, ನಾನು ಹೋಗಿ ಬಂದು ವರದಿ ಒಪ್ಪಿಸುತ್ತೇನೆ. ಗೆರೆಯ ಪಕ್ಕ ಎರಡು ಚುಕ್ಕಿಯಿಟ್ಟರೆ ಬಂಡೆ. ಒಂದು ಚುಕ್ಕಿಯಿಟ್ಟರೆ ನಾಯಿ. ಅದು ನಮ್ಮ ಒಪ್ಪಂದ.

ಇತ್ತೀಚೆಗೆ ತಂದ ಕಟ್ಟಿಗೆ ಒಳ್ಳೆಯದು. ನಾನು ಅಷ್ಟು ಹೊತ್ತು ಹೊರಗಿದ್ದು ಬಂದರೂ ಒಲೆ ಆರಿರುವುದಿಲ್ಲ.

ಮಾರ್ಚ್ 23, ಭಾನುವಾರ

ಹಲಗೆ ಮತ್ತೆ ಏರಿತು. ಮೊಳೆ ಹೊಡೆದದ್ದು ಅನಾತೋಲಿಯಾ. "ಓರೆಯಾಗಿದೆ ಅಂದ್ರೆ ಸುತ್ತಿಗೆಯಿಂದ ನಿನ್ನ ತಲೆಗೇ ಹೊಡೀತೀನಿ" ಎಂದಳು. ಓರೆಯಾಗಿದೆ.

ಮಾನಿಸಾಲೆಸಿನ ಇಬ್ಬರು ಬಂದಿದ್ದಾರೆ, ಅಕ್ಕ ತಂಗಿಯರು. ಬೆಳಿಗ್ಗೆ ಎದ್ದು ನನ್ನನ್ನು ಹುಡುಕಿದಾಗ ನಾನು ಕುರಿ ಇಳಿಜಾರಿನಲ್ಲಿ ಮಂಜು ಹೇಗಿದೆ ನೋಡಲು ಹೋಗಿದ್ದೆ. ಬೆಲಾರ್ಮಿನೋ ಅವರನ್ನು ಕೇಳಿದ್ದಾರೆ, ಅವರು "ಮೇಲೆ" ಎಂದಿದ್ದಾರೆ. ಆ ಮಾತು ನಂಬಿ ಬಂದವರಿಗೆ ಸರಿಯಾಗಿ ನಾನು ಸಿಕ್ಕೆ. ಬಂದು ಹೇಳಿದರೆ ನಮ್ಮವರಿಗೆ ಎಷ್ಟು ಜಂಬ, ಏನು ಜಂಬ.

ಈ ಅತಿಥಿಗಳಿಗೆ ಏನಾಗಿದೆಯೋ, ಊಟದ ಕೋಣೆ ಬಿಟ್ಟು ಎಲ್ಲರೂ ಒಲೆಯ ಸುತ್ತ ಬೆಂಚಿನ ಮೇಲೆ ನಮ್ಮವರ ಜೊತೆಗೇ ಕೂರುತ್ತಾರೆ. ನನ್ನ ಅಡುಗೆಮನೆಯಲ್ಲಿ ನನಗೇ ಜಾಗವಿಲ್ಲ.

ಏಪ್ರಿಲ್ 6, ಭಾನುವಾರ

ತುಂಜಾದಿಂದ ಒಂದು ಸಂಸಾರ ಬಂದಿದೆ, ಜೊತೆಗೆ ಮೂರು ವರ್ಷದ ಹೆಣ್ಣುಮಗು. ಅದರ ಅಪ್ಪ ಅಮ್ಮನಿಗೆ ನಾನು ಬಾಗಿಲಲ್ಲಿ ನಿಂತು ದಾರಿ ವಿವರಿಸುತ್ತಿದ್ದೆ, ನೇಕಾರರ ಮನೆ, ಹೊತ್ತು, ನಾಯಿ. ಅನಾತೋಲಿಯಾ ಹಾಲು ಅಳೆಯುತ್ತಿದ್ದಳು. ಬೆಲಾರ್ಮಿನೋ ಕಾವಲಿಯ ಮೇಲೆ ಮೆಕ್ಕೆಜೋಳದ ರೊಟ್ಟಿ, ಅರೇಪಾ, ತಿರುವುತ್ತಿದ್ದರು. ಮಗು ಯಾವಾಗ ಬೆಂಚು ಹತ್ತಿತೋ, ಕಾವಲಿಗೆ ಕೈ ಚಾಚಿತೋ, ನಮಗ್ಯಾರಿಗೂ ಕಾಣಲಿಲ್ಲ.

"ಬಿಸಿ."

ಗಂಡಸಿನ ದನಿ, ಗಟ್ಟಿಯಾಗಿ. ಮಗು ಕೈ ಹಿಂದೆಳೆದುಕೊಂಡು ಅಳತೊಡಗಿತು. ಸುಟ್ಟಿರಲಿಲ್ಲ, ಹೆದರಿತ್ತು ಅಷ್ಟೆ.

ತಾಯಿ ಮಗುವನ್ನು ಎತ್ತಿಕೊಂಡಳು. ಬೆಲಾರ್ಮಿನೋ ತಮ್ಮ ಬಾಯಿಂದ ಬಿದ್ದದ್ದು ಏನೆಂದು ಹುಡುಕುವವರ ಹಾಗೆ ನೆಲ ನೋಡುತ್ತಿದ್ದರು. ಅನಾತೋಲಿಯಾ ಹಾಲಿನ ಪಾತ್ರೆ ಕೆಳಗಿಟ್ಟು, ಅವರ ಮುಂದೆ ನೆಲದ ಮೇಲೆಯೇ ಕೂತಳು. ಈ ಸಲ ಕೂಗಲಿಲ್ಲ. ಪಿಸುಮಾತಿನಲ್ಲಿ ಕೇಳಿದಳು, "ಏನಂದೆ, ಕಂದಾ?"

ಅವರು ತುಟಿ ಕೂಡಿಸಿ, ಬಿಟ್ಟು, ಕೂಡಿಸಿ, ತುಂಬ ಕಷ್ಟಪಟ್ಟು ಹೇಳಿದರು. "ಬಿ... ಸಿ."

ಅನಾತೋಲಿಯಾ ಅವರ ಮೊಣಕಾಲಿಗೆ ಹಣೆಯಿಟ್ಟಳು. ತುಂಜಾದವರಿಗೆ ಏನೂ ಅರ್ಥವಾಗದೆ, "ಮಗುಗೆ ಏನೂ ಆಗಿಲ್ಲ ಅಮ್ಮಾ, ಅಳಬೇಡಿ" ಎಂದು ನನಗೆ ಸಮಾಧಾನ ಹೇಳಿದರು. ಹೌದು, ಏನೂ ಆಗಿಲ್ಲ ಎಂದೆ.

ಏಪ್ರಿಲ್ 8, ಮಂಗಳವಾರ

ಬಿಸಿ. ಮೇಲೆ. ಬಿಸಿ. ದಿನವಿಡೀ ಎರಡೂ ಪದ ಸೇರಿಸಿ ಆಡುತ್ತಿದ್ದಾರೆ, ಹೊಸ ಚಾಕು ಸಿಕ್ಕಿದವನು ಕಂಡದ್ದನ್ನೆಲ್ಲ ಕತ್ತರಿಸುವ ಹಾಗೆ. ತಣ್ಣೀರೂ ಬಿಸಿ, ಬೆಕ್ಕೂ ಬಿಸಿ. ಇನ್ನು ಹೆಚ್ಚು ಬರಲಿಕ್ಕಿಲ್ಲ ಎಂದರು ವೈದ್ಯರು. ಬಂದಷ್ಟು ಬರಲಿ. ಅನಾತೋಲಿಯಾ ದಿನವೂ ಬಂದು ಕೂರುತ್ತಾಳೆ.

ಏಪ್ರಿಲ್ 19, ಪವಿತ್ರ ಶನಿವಾರ

ಹಬ್ಬದ ವಾರ, ಎರಡೂ ಕೋಣೆ ತುಂಬಿವೆ. ಬೆಳಿಗ್ಗೆ ಮಳೆ ಬಿಟ್ಟಿತ್ತು. ಕರಿಕೊಳಕ್ಕೆ ಕರೆದುಕೊಂಡು ಹೋಗುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟಿದ್ದೆ. ದಪ್ಪ ಸಾಕ್ಸು ಹಾಕಿಸಿದೆ, ಇಲ್ಲದವರಿಗೆ ನಮ್ಮವರದೇ ಕೊಟ್ಟೆ. ಅಡುಗೆಮನೆಯ ಕಡೆ ಇಣುಕಲೂ ಆಗಲಿಲ್ಲ. ಅಲ್ಲಿಯದು ಹೇಗೋ ನಡೆಯುತ್ತಿತ್ತು.

ಹೊರಡುವಾಗ ಬೆಲಾರ್ಮಿನೋ ಗೋಡೆಗೆ ಭುಜ ತಾಗಿಸಿಕೊಂಡು ಬಾಗಿಲಿಗೆ ಬಂದು ನನ್ನ ರುವಾನಾದ ಒಳಗೆ ಏನೋ ತುರುಕಿದರು. ಬಿಸಿಯಾಗಿತ್ತು. ನೋಡಲು ಪುರುಸೊತ್ತಿರಲಿಲ್ಲ. ಏರುವಷ್ಟು ದೂರವೂ ಹೊಟ್ಟೆಗೆ ಅದರ ಶಾಖ ತಾಗುತ್ತಲೇ ಇತ್ತು.

ಕೊಳದ ದಂಡೆಯಲ್ಲಿ ಎಲ್ಲರೂ ಚಿತ್ರ ತೆಗೆದುಕೊಳ್ಳುವಾಗ ನಾನು ಬಂಡೆಯ ಮೇಲೆ ಕೂತು ತೆಗೆದು ನೋಡಿದೆ. ಬಟ್ಟೆಯ ಗಂಟು. ಒಂದೇ ಕೈಯಲ್ಲಿ ಕಟ್ಟಿದ್ದು; ಇನ್ನೊಂದು ತುದಿಯನ್ನು ಹಲ್ಲಿನಿಂದ ಎಳೆದು ಬಿಗಿದ ಗುರುತು ಹಾಗೇ ಇತ್ತು. ಒಳಗೆ ಬೇಯಿಸಿದ ಎರಡು ಆಲೂಗಡ್ಡೆ, ಅರ್ಧ ಸಿಪ್ಪೆ ಬಿಟ್ಟಿತ್ತು, ಅರ್ಧ ಇತ್ತು. ಒಂದು ತುಂಡು ಗಿಣ್ಣು. ಒಂದು ಕಡೆ ಸೀದ ಅರೇಪಾ. ಹೊಲಕ್ಕೆ, ಬೆಟ್ಟಕ್ಕೆ ಹೋಗುವಾಗ ಅವರಿಗೆ ನಾನು ಎಷ್ಟು ಬುತ್ತಿ ಕಟ್ಟಿದ್ದೇನೋ. ನನಗೆ ಬುತ್ತಿ ಕಟ್ಟಿದವರು ಯಾರೂ ಇರಲಿಲ್ಲ; ಅಗತ್ಯವೇ ಬಂದಿರಲಿಲ್ಲ, ನಾನು ಎಲ್ಲಿಗೆ ಹೋಗುತ್ತಿದ್ದೆ?

ಕಾರ್ತಹೇನಾದ ಹೆಂಗಸು ಹತ್ತಿರ ಬಂದು ಇಣುಕಿದಳು. "ಏನಮ್ಮಾ ಅದು? ಇಲ್ಲಿಯ ವಿಶೇಷ ತಿಂಡೀನಾ? ಒಂಚೂರು ರುಚಿ ನೋಡಬಹುದಾ?"

ನಮ್ಮ ಮನೆಯಲ್ಲಿ ಕೇಳಿದವರಿಗೆ ಇಲ್ಲ ಎಂದದ್ದಿಲ್ಲ. ಗಂಟನ್ನು ಮಡಿಲಿಗೆ ಎಳೆದುಕೊಂಡೆ.

"ಪೇಟೆ ಚೌಕದಲ್ಲಿ, ಚರ್ಚಿನ ಎದುರಿಗೆ ಸಿಗುತ್ತೆ. ಇದಕ್ಕಿಂತ ಎಷ್ಟೋ ಚೆನ್ನಾಗಿ ಮಾಡ್ತಾರೆ, ಸೀದಿರೋದಿಲ್ಲ. ನಾಳೆ ತಪ್ಪದೆ ಅಲ್ಲಿಗೆ ಹೋಗಿ" ಎಂದೆ.

ಅವಳು ಆ ಕಡೆ ಹೋದಳು. ನಾನು ಕೊಳಕ್ಕೆ ಮುಖ ಮಾಡಿ ಕೂತು ಪೂರ್ತಿ ತಿಂದೆ. ಸಿಪ್ಪೆಯನ್ನೂ ಬಿಡಲಿಲ್ಲ.